‘ಇಲ್ಲ’ ಅನ್ನುವುದನ್ನು ಮೊದಲು ಹೇಳಿ

ನನ್ನ ಭಾನುವಾರದ ತರಗತಿಗೆ ಬರುವ ಹುಡುಗ ಹುಡುಗಿಯರು ಮೊದಲ ದಿನವೇ ನಗುತ್ತಾರೆ. ನಗಲಿ, ನನ್ನದೇನೂ ಅಭ್ಯಂತರವಿಲ್ಲ. ಚಿತ್ರದುರ್ಗದಲ್ಲಿ ಗೆಳೆಯರೊಬ್ಬರ ಅಂಗಡಿಯ ಮಾಳಿಗೆಯ ಮೇಲೆ ಹವ್ಯಾಸಿ ರೇಡಿಯೊ ಪರೀಕ್ಷೆಗೆ ಕೂರುವವರಿಗೆ ನಾನು ಪಾಠ ಹೇಳುತ್ತೇನೆ. ‘ಹ್ಯಾಮ್’ ಅನ್ನುತ್ತಾರಲ್ಲ, ಲೈಸೆನ್ಸು ಪಡೆದು ಮನೆಯಿಂದಲೇ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವ ಹವ್ಯಾಸ, ಅದು. ನನ್ನ ಮೊದಲ ಪಾಠ ಇಷ್ಟೇ: ಮೈಕು ಹಿಡಿದು ‘ಬಸ್ಸು ಬಂದಿಲ್ಲ’ ಅನ್ನಬೇಡಿ. ‘ಇಲ್ಲ, ಬಸ್ಸು ಬಂದಿಲ್ಲ, ಇಲ್ಲ’ ಅನ್ನಿ. ಕಳೆದ ಬಾರಿ ಒಬ್ಬಳು ಹುಡುಗಿ, “ಸಾರ್, ಇದು ನಮ್ಮಜ್ಜಿ ಜಗಳ ಆಡೋ ಥರಾನೇ ಐತೆ” ಅಂದಳು. ನಿಮ್ಮಜ್ಜಿ ನಿನಗಿಂತ ಒಳ್ಳೆಯ ಆಪರೇಟರ್ ಆಗುತ್ತಿದ್ದರು ಅಂದೆ.

ನಮ್ಮ ಸೆಟ್ಟುಗಳಲ್ಲಿ ಮಾತಾಡಬೇಕಾದರೆ ಒಂದು ಗುಂಡಿ ಒತ್ತಿ ಹಿಡಿಯಬೇಕು, ಕೇಳಬೇಕಾದರೆ ಬಿಡಬೇಕು. ಬಾಯಿ ನಿಲ್ಲುವ ಮೊದಲೇ ಹೆಬ್ಬೆರಳು ಮೇಲೆದ್ದರೆ ಮಾತಿನ ಬಾಲ ಕತ್ತರಿಸಿ ಹೋಗುತ್ತದೆ. ಇಂಗ್ಲಿಷಿನವರಿಗೆ ಅದರಿಂದ ಅಷ್ಟೇನೂ ನಷ್ಟವಿಲ್ಲ, ಅವರ ‘ನಾಟ್’ ಮಾತಿನ ನಡುವೆಯೇ ಬಂದು ಹೋಗಿರುತ್ತದೆ. ನಮ್ಮ ‘ಇಲ್ಲ’ ಕೂತಿರುವುದೇ ಬಾಲದಲ್ಲಿ. ಈ ವಿಷಯ ಯಾವ ಕೈಪಿಡಿಯಲ್ಲೂ ಇಲ್ಲ. ಯಲ್ಲದಕೆರೆಯ ಒಬ್ಬ ಕುರಿಗಾಹಿಯ ಹೆಂಡತಿ ಇದರಿಂದ ಪಟ್ಟ ಪಾಡನ್ನು ಹೇಳುವುದಕ್ಕೆಂದೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ನಿವೃತ್ತರಿಗೆ ನೇರವಾಗಿ ವಿಷಯಕ್ಕೆ ಬರುವ ಅಭ್ಯಾಸವಿರುವುದಿಲ್ಲ. ಸ್ವಲ್ಪ ಸುತ್ತಿ ಬರುತ್ತೇನೆ, ಸಹಿಸಿಕೊಳ್ಳಿ.

ನನಗೆ ಈ ಹುಚ್ಚು ಹತ್ತಿದ್ದು ಹೊಳಲ್ಕೆರೆಯಲ್ಲಿ ಹೈಸ್ಕೂಲು ಓದುವಾಗ. ನಮ್ಮ ಬೀದಿಯಲ್ಲಿ ಸೈನ್ಯದಿಂದ ಬಂದವರೊಬ್ಬರಿದ್ದರು. ಅವರ ಮನೆಯ ಗೋಡೆಯ ಮೇಲೆ ಮೋರ್ಸ್ ಸಂಕೇತಗಳ ಪಟವೊಂದು ತೂಗಾಡುತ್ತಿತ್ತು. ಚುಕ್ಕೆ, ಗೆರೆ, ಚುಕ್ಕೆ. ಅದನ್ನು ಎಷ್ಟು ಉರು ಹೊಡೆದರೂ ನನ್ನ ತಲೆಗೆ ಹತ್ತಲಿಲ್ಲ. ಒಂದು ದಿನ ಕನ್ನಡದ ಪೀರಿಯಡ್ಡಿನಲ್ಲಿ ಬೆಂಚಿನ ಮೇಲೆ ಸೀಮೆಸುಣ್ಣದಿಂದ ಅದನ್ನೇ ಗೀಚುತ್ತಿದ್ದೆ. ಪಂಡಿತರು ಬಂದು ಹಿಂದೆ ನಿಂತದ್ದು ಗೊತ್ತಾಗಲಿಲ್ಲ. ಕಿವಿ ಹಿಂಡುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು, “ಏನೋ ಇದು, ಜಗಣ ಹಾಕಿದೀಯ! ಲಘು, ಗುರು, ಲಘು. ಯಾವ ಪದ್ಯ?” ಅಂದರು.

“ಪದ್ಯ ಅಲ್ಲ ಸಾರ್, ಇಂಗ್ಲಿಷ್ ಆರ್ ಅಕ್ಷರ.”

ಅವತ್ತಿನ ಪಾಠ ಅಲ್ಲಿಗೆ ನಿಂತಿತು. ಆರ್ ಅಂದರೆ ಜಗಣ, ಕೆ ಅಂದರೆ ರಗಣ, ಡಿ ಭಗಣ, ಡಬ್ಲ್ಯು ಯಗಣ. ಎಂಟು ಗಣಗಳಿಗೂ ಒಂದೊಂದು ಇಂಗ್ಲಿಷ್ ಅಕ್ಷರ ಹೊಂದಿಕೊಂಡದ್ದು ನೋಡಿ ಪಂಡಿತರು ಮಗುವಿನ ಹಾಗೆ ಹಿಗ್ಗಿದರು. ಮುಳುಗುವ ಹಡಗಿನವರು ಕಳಿಸುವ ಎಸ್ಓಎಸ್ ಏನು ಅಂತ ಕೇಳಿದರು. ಹೇಳಿದೆ. “ನಗಣ, ಮಗಣ, ನಗಣ! ಅಂಥ ಹೊತ್ತಲ್ಲೂ ಛಂದಸ್ಸು ತಪ್ಪಲ್ಲ ನೋಡ್ರೋ” ಅಂತ ಇಡೀ ಕ್ಲಾಸಿಗೆ ಹೇಳಿದರು. ಆಮೇಲೆ ನನಗೆ ಮೋರ್ಸ್ ಕಲಿಯುವುದು ಕಷ್ಟವಾಗಲಿಲ್ಲ. ವರ್ಷಗಳ ನಂತರ ಲೈಸೆನ್ಸಿನ ಪರೀಕ್ಷೆಗೆಂದು ಬೆಂಗಳೂರಿನಲ್ಲಿ ಕೂತಾಗ, ಕಿವಿಗೆ ಬಿದ್ದದ್ದನ್ನು ತುಟಿಯಲ್ಲೇ ‘ಸಗಣ, ತಗಣ’ ಅಂತ ಗುಣುಗುತ್ತಾ ಬರೆಯುತ್ತಿದ್ದೆ. ಪರೀಕ್ಷಕರು ಮೇಜಿನ ಬಳಿ ಬಂದು, ಮಂತ್ರ ಹೇಳಿಕೊಳ್ಳುವುದಿದ್ದರೆ ಹೊರಗೆ ಹೋಗಿ ಹೇಳಿಕೊಳ್ಳಿ ಅಂದರು. ಪಾಸಾದೆ.

ಕೆಲಸ ಸಿಕ್ಕಿದ್ದು ರೈಲ್ವೆಯ ದೂರಸಂಪರ್ಕ ವಿಭಾಗದಲ್ಲಿ. ವಾಸ ಚಿಕ್ಕಜಾಜೂರು ಜಂಕ್ಷನ್ನಿನ ಕ್ವಾರ್ಟರ್ಸಿನಲ್ಲಿ. ಬಡ್ತಿಯ ಕಥೆ ಬಿಡಿ, ಅದು ಎಲ್ಲರಿಗೂ ಬರುವ ಹಾಗೆ ಬಂತು. ಸ್ಟೇಷನ್ನುಗಳ ನಡುವಿನ ಫೋನುಗಳು, ಇಲಿ ಕಡಿದ ಕೇಬಲ್ಲುಗಳು, ಸಿಡಿಲು ಬಡಿದ ಪೆಟ್ಟಿಗೆಗಳು, ಡ್ರೈವರು ಮತ್ತು ಗಾರ್ಡುಗಳು ಹಿಡಿದುಕೊಳ್ಳುವ ವಾಕಿಟಾಕಿಗಳು, ಇವು ಮಾತಾಡುತ್ತಿರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹೊರಗಿನವರು ಇದನ್ನು ಬಹಳ ಬುದ್ಧಿವಂತಿಕೆಯ ಕೆಲಸ ಅಂದುಕೊಳ್ಳುತ್ತಾರೆ. ಮುಕ್ಕಾಲು ಪಾಲು ಅದು ಒರೆಸುವ ಕೆಲಸ. ಒಬ್ಬರು ಗಾರ್ಡು ವಾರ ವಾರವೂ ಸೆಟ್ಟು ತಂದು ಮೇಜಿನ ಮೇಲೆ ಕುಕ್ಕಿ, “ನಿಮ್ಮ ರಿಪೇರಿ ದಂಡ ಕಣ್ರಿ, ಯಾರಿಗೂ ಕೇಳ್ಸಲ್ಲ” ಅನ್ನುತ್ತಿದ್ದರು. ಬಿಚ್ಚಿದರೆ ಮೈಕಿನ ಜಾಲರಿ ತುಂಬಾ ಎಲೆ ಅಡಿಕೆ. “ಸೆಟ್ಟು ಕೆಟ್ಟಿಲ್ಲ ಸಾರ್, ಬಾಯಿ ಕೆಟ್ಟೈತೆ” ಅಂತ ಒಂದು ದಿನ ಹೇಳಿಯೇಬಿಟ್ಟೆ. ಆಮೇಲೆ ಅವರು ಮಾತಾಡುವ ಮೊದಲು ಉಗಿದು ಬರುವುದನ್ನು ಕಲಿತರು. ನನ್ನ ಜೊತೆ ಮಾತು ಬಿಟ್ಟರು, ಆದರೆ ಸೆಟ್ಟು ಕೆಡಲಿಲ್ಲ.

ಡ್ಯೂಟಿ ಮುಗಿಸಿ ಬಂದರೆ ಮನೆಯಲ್ಲಿ ನನ್ನದೇ ರೇಡಿಯೊ. ಹಳೆಯ ವಾಲ್ವು ಹಾಕಿ ನಾನೇ ಕಟ್ಟಿದ ಟ್ರಾನ್ಸ್‌ಮಿಟರ್ ಅದು. ಹಿತ್ತಲಿನ ಬೇವಿನ ಮರದಿಂದ ಎದುರಿನ ಕಂಬಕ್ಕೆ ತಂತಿ ಎಳೆದು ಆಂಟೆನಾ ಮಾಡಿದ್ದೆ. ಒಂದು ಸಂಜೆ ಮೀಟರಿನ ಮುಳ್ಳು ಮೇಲೇಳಲೇ ಇಲ್ಲ. ವಾಲ್ವು ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಟ್ರಾನ್ಸ್‌ಫಾರ್ಮರಿಗೆ ಬೈದೆ. ತಲೆ ಕೆಟ್ಟು ಹಿತ್ತಲಿಗೆ ಬಂದು ನೋಡಿದರೆ ನನ್ನ ಹೆಂಡತಿ ರತ್ನ ಒದ್ದೆ ಸೀರೆ, ಪಂಚೆ, ಜಮಖಾನ ಎಲ್ಲವನ್ನೂ ಆಂಟೆನಾದ ಮೇಲೆ ಒಣಹಾಕಿದ್ದಳು. ಕೇಳಿದ್ದಕ್ಕೆ, “ಮತ್ತೆ ಇಷ್ಟು ಉದ್ದ ತಂತಿ ಯಾಕೆ ಕಟ್ಟಿದ್ದು? ನನಗೇ ಅಂದ್ಕಂಡೆ” ಅಂದಳು. ಅಷ್ಟು ದಿನವಾದ ಮೇಲೆ ಗಂಡ ತನಗಾಗಿ ಏನೋ ಮಾಡಿದ್ದಾನೆ ಅಂತ ಅವಳು ಸಂತೋಷಪಟ್ಟಿದ್ದಳು. ಮರುದಿನವೇ ಅವಳಿಗೆ ಬೇರೆ ತಂತಿ ಕಟ್ಟಿಕೊಟ್ಟೆ.

ಆ ಟ್ರಾನ್ಸ್‌ಮಿಟರಿನಲ್ಲಿ ನಾನು ವಾರಗಟ್ಟಲೆ ‘ಯಾರಾದರೂ ಕೇಳುತ್ತಿದ್ದೀರಾ’ ಅಂತ ಕೂಗಿದರೂ ಯಾರೂ ಉತ್ತರಿಸಿರಲಿಲ್ಲ. ಮೊದಲ ಉತ್ತರ ಬಂದದ್ದು ಆಂಜನೇಯನ ಗುಡಿಯಿಂದ. ಕ್ವಾರ್ಟರ್ಸಿನ ಹಿಂದೆಯೇ ಆ ಗುಡಿ. ಶನಿವಾರದ ಭಜನೆಗೆ ಹೊಸದಾಗಿ ಆಂಪ್ಲಿಫೈಯರ್ ತಂದಿದ್ದರು. ನನ್ನ ಆಂಟೆನಾ ಪಕ್ಕದಲ್ಲೇ ಇದ್ದದ್ದರಿಂದ ನನ್ನ ದನಿ ಅದರೊಳಗೆ ನುಗ್ಗಿ, ಹಾಡಿನ ನಡುವೆ ಲೌಡ್‌ಸ್ಪೀಕರಿನಿಂದ ಹೊರಬಿತ್ತು. ಒಳಗೆ ಕೂತ ನನಗೆ ಏನೂ ಗೊತ್ತಿಲ್ಲ. ನಾನು ಮತ್ತೆ, “ಯಾರಾದರೂ ಕೇಳುತ್ತಿದ್ದೀರಾ?” ಅಂದೆ. ಹೊರಗಿನಿಂದ ಇಡೀ ಊರಿಗೆ ಕೇಳುವಂತೆ ಕಿರಾಣಿ ಅಂಗಡಿ ಬಸಣ್ಣನ ದನಿ ಬಂತು: “ಎಲ್ಲಾರೂ ಕೇಳ್ತಾ ಇದೀವಿ ಸ್ವಾಮಿ, ಅಪ್ಪಣೆಯಾಗಲಿ!”

ಬಾಗಿಲು ಹಾಕಿಕೊಂಡು ಸುಮ್ಮನೆ ಕೂತೆ. ನಿಜ ಗೊತ್ತಾದ ಮೇಲೆ ಬೈಯುತ್ತಾರೆ ಅಂದುಕೊಂಡಿದ್ದೆ. ಬಸಣ್ಣ ಬಂದು, “ಏನಪ್ಪ, ದ್ಯಾವ್ರು ಇಷ್ಟು ಚಲೋ ಪುಸ್ತಕದ ಕನ್ನಡ ಮಾತಾಡಿದಾಗ್ಲೇ ನಂಗೆ ಅನುಮಾನ ಬಂತು” ಅಂದ. ಶನಿವಾರ ಸಂಜೆ ನಾನು ರೇಡಿಯೊ ಮುಟ್ಟಬಾರದು ಅನ್ನುವ ಒಪ್ಪಂದವಾಯಿತು.

ಮೇಲಧಿಕಾರಿಗಳ ಪೈಕಿ ಮರೆಯಲಾಗದವರು ಶೇಷಾದ್ರಿ ಸಾಹೇಬರು. ಇಸ್ತ್ರಿ ಮುರಿಯದ ಪ್ಯಾಂಟು, ಜೇಬಿನಲ್ಲಿ ಇಕ್ಕಳ. ಯಾರೋ ಪುಣ್ಯಾತ್ಮರು ನಾನು ರೈಲ್ವೆಯ ತಾಮ್ರದ ತಂತಿ ಕದ್ದು ಮನೆಗೆ ಕಟ್ಟಿದ್ದೇನೆ ಅಂತ ಅವರಿಗೆ ಚಾಡಿ ಹೇಳಿದ್ದರು. ಒಂದು ಮಧ್ಯಾಹ್ನ ಸಾಹೇಬರು ನೇರ ಹಿತ್ತಲಿಗೆ ಬಂದರು. ತಂತಿ ನನ್ನದೇ, ಆದರೆ ಅದನ್ನು ಯಾರು ನಂಬಬೇಕು? ಅಂಥ ಆಪಾದನೆಯಲ್ಲಿ ಕೆಲಸ ಹೋದವರನ್ನು ನಾನು ಕಂಡಿದ್ದೆ. ಸಾಹೇಬರು ಸ್ಟೂಲು ಹತ್ತಿ, ತಂತಿ ಕೆರೆದು, ಬೆರಳಲ್ಲಿ ತಿಕ್ಕಿ ನೋಡಿದರು.

“ಇದು ನಮ್ಮದಲ್ಲ. ಇಷ್ಟು ಸಣ್ಣ ತಂತಿ ನಾವು ಹಾಕಲ್ಲ. ಎಲ್ಲಿಂದ ತಂದೆ?”

“ಹೊಸದುರ್ಗದಲ್ಲಿ ಪಂಪಿನ ಮೋಟಾರು ಸುತ್ತೋ ಅಂಗಡಿ ಐತೆ ಸಾರ್. ಸುಟ್ಟ ಮೋಟಾರಿಂದು.”

“ಗಾಳಿಗೆ ತುಂಡಾಗುತ್ತೆ” ಅಂದು ಇಳಿದರು. ಕಾಫಿ ಕುಡಿಯುವಾಗ ರೇಡಿಯೊದಲ್ಲಿ ಜಪಾನಿನ ಒಬ್ಬ ಹವ್ಯಾಸಿಯ ದನಿ ಸಣ್ಣಗೆ ಬರುತ್ತಿತ್ತು. ಸಾಹೇಬರು ಬಗ್ಗಿ ಕೇಳಿದರು. “ಇವನಿಗೆ ಸಂಬಳ ಯಾರು ಕೊಡ್ತಾರೆ?” ಯಾರೂ ಇಲ್ಲ ಅಂದೆ. “ಮತ್ತೆ ಯಾಕೆ ಮಾತಾಡ್ತಾನೆ?” ಅವರು ಕಾಫಿ ಮುಗಿಸುವವರೆಗೂ ತಲೆ ಅಲ್ಲಾಡಿಸುತ್ತಲೇ ಇದ್ದರು. ಮುಂದೆ ಎಲ್ಲಿ ಲೈನು ಕೆಟ್ಟರೂ, “ಆ ಹುಚ್ಚನ್ನ ಕಳಿಸ್ರಿ, ಅವನಿಗೆ ಹೊತ್ತು ಗೊತ್ತು ಇಲ್ಲ” ಅನ್ನುತ್ತಿದ್ದರಂತೆ. ನನ್ನ ನೌಕರಿಯಲ್ಲಿ ಸಿಕ್ಕ ದೊಡ್ಡ ಪ್ರಶಸ್ತಿ ಅದೇ.

ಹೀಗೇ ಕಾಲ ಸರಿಯಿತು. ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂತು, ನಾನು ತಿಂಗಳುಗಟ್ಟಲೆ ಕೂತು ಕಟ್ಟುತ್ತಿದ್ದ ಸೆಟ್ಟು ಅಂಗೈಯಗಲದ ಡಬ್ಬಿಯಾಗಿ ಹೊರದೇಶದಿಂದ ಬರತೊಡಗಿತು. ಲೈಸೆನ್ಸಿಗೆ ಮೋರ್ಸ್ ಬೇಕೇಬೇಕು ಅನ್ನುವುದೂ ಹೋಯಿತು. ಜೇಬಿಗೊಂದು ಫೋನು ಬಂದ ಮೇಲಂತೂ ನಮ್ಮನ್ನು ಕೇಳುವವರೇ ಇಲ್ಲ. ನಿವೃತ್ತನಾಗಿ ಚಿತ್ರದುರ್ಗಕ್ಕೆ ಬಂದು ಮನೆಯ ಮೇಲೆ ಆಂಟೆನಾ ನಿಲ್ಲಿಸಿದಾಗ ಪಕ್ಕದ ಮನೆಯವರು, “ಈಗ್ಲೂ ಇದ್ರಾಗೆ ಮಾತಾಡ್ತಾರಾ?” ಅಂತ ಮರುಕದಿಂದ ಕೇಳಿದರು. ಬೇಸರವಾಗುತ್ತಿತ್ತು. ಒಂದು ಜೀವಮಾನದ ಶ್ರದ್ಧೆ ಬರೀ ಗೊರಗೊರ ಸದ್ದಿಗೆ ಹೋಯಿತೇನೋ ಅಂತ ನನಗೇ ಅನ್ನಿಸಿದ್ದುಂಟು.

ಈ ಹುಚ್ಚಿನಲ್ಲಿ ನನ್ನ ಜೊತೆಗಿದ್ದವನು ಕಾಂತರಾಜ. ಹೊಸದುರ್ಗದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಮೋರ್ಸ್ ಕಲಿಯದೆ ಲೈಸೆನ್ಸು ತೆಗೆದುಕೊಂಡ ತಲೆಮಾರಿನವನು. ಬಂಗಾರದಂಥ ಮನುಷ್ಯ, ಆದರೆ ನಾಲಿಗೆ ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಬಾಯಿ ಇನ್ನೂ ಓಡುತ್ತಿರುವಾಗಲೇ ಗುಂಡಿ ಬಿಟ್ಟುಬಿಡುತ್ತಾನೆ. ಅವನ ಯಾವ ಮಾತಿಗೂ ಕ್ರಿಯಾಪದ ಇರುತ್ತಿರಲಿಲ್ಲ. ‘ನಾಳೆ ಚಿತ್ರದುರ್ಗಕ್ಕೆ ಬರ್…’ ಅಂತ ಬರುತ್ತಿತ್ತು. ಬರುತ್ತಾನೋ ಬರುವುದಿಲ್ಲವೋ ಅಂತ ನಾವು ಬಾಜಿ ಕಟ್ಟಿ ನಗುತ್ತಿದ್ದೆವು. ನಗುವ ವಿಷಯ ಅಂತಲೇ ಅಂದುಕೊಂಡಿದ್ದೆವು.

ಈಚೆಗೆ ಒಂದು ಮಳೆಗಾಲದಲ್ಲಿ, ನಮ್ಮ ಬಯಲುಸೀಮೆಯವರು ಕಣ್ಣಾರೆ ನೋಡಿದರೂ ನಂಬದಂಥ ಮಳೆ ಹೊಯ್ಯಿತು. ಒಣಗಿ ಬಿದ್ದಿದ್ದ ಕೆರೆಗಳೆಲ್ಲ ಕೋಡಿ ಬಿದ್ದವು. ಹಿರಿಯೂರು, ಹೊಸದುರ್ಗದ ಕಡೆ ಹಳ್ಳಗಳು ಉಕ್ಕಿ ರಸ್ತೆ ನುಂಗಿದವು, ಕರೆಂಟು ಹೋಯಿತು, ಅದರ ಹಿಂದೆಯೇ ಫೋನಿನ ಟವರುಗಳೂ ನಿಂತವು. ಆಗ ನಮ್ಮ ನೆನಪಾಯಿತು. ತಾಲ್ಲೂಕಿನ ಅಧಿಕಾರಿಯೊಬ್ಬರು ಕರೆಸಿ, ಯಲ್ಲದಕೆರೆ ಕಡೆಯಿಂದ ಮತ್ತೋಡು ಕಡೆಗೆ ಸುದ್ದಿ ದಾಟಿಸುವುದಕ್ಕೆ ಆಗುತ್ತದೆಯೇ ಅಂತ ಕೇಳಿದರು. ಆಗುತ್ತದೆ ಅಂದೆ. ಹಾಗೆ ಹೇಳುವಾಗ ಎದೆ ಉಬ್ಬಿದ್ದು ನಿಜ.

ನಾನು ಯಲ್ಲದಕೆರೆಯ ಶಾಲೆಯ ಜಗಲಿಯಲ್ಲಿ ಕೂತೆ. ಊರಿನ ಮೇಷ್ಟ್ರು ಬಿದಿರಿನ ಗಳ ತರಿಸಿ ಆಂಟೆನಾ ಕಟ್ಟಿಸಿಕೊಟ್ಟರು. ಕಾಂತರಾಜ ಅತ್ತ ಮತ್ತೋಡಿನ ಕಡೆ, ಹಳ್ಳದ ದಂಡೆಯ ದಿಬ್ಬದ ಮೇಲೆ ಕಾರಿನಲ್ಲಿ ಸೆಟ್ಟು ಇಟ್ಟುಕೊಂಡು ಅಗ್ನಿಶಾಮಕದವರ ಜೊತೆ ನಿಂತ. ಮಧ್ಯದಲ್ಲಿ ಗುಡ್ಡಗಳು. ಅವನ ದನಿ ಗೊರಗೊರದ ನಡುವೆ ತೇಲಿ ತೇಲಿ ಬರುತ್ತಿತ್ತು. ಬೆಳಿಗ್ಗೆ ಅವನು ಹೇಳಿದ ಮೊದಲ ಸುದ್ದಿಯೇ ಇದು: ಯಲ್ಲದಕೆರೆಯ ಕುರಿಗಾಹಿ ಜುಂಜಣ್ಣ ಮಂದೆಯ ಸಮೇತ ಹಳ್ಳದ ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದಾನೆ. ಎರಡೂ ಕಡೆ ನೀರು. ಹಗ್ಗ ಹಾಕುವ ಪ್ರಯತ್ನ ನಡೆದಿದೆ.

ಮೇಷ್ಟ್ರು ಯಾರಿಗೆ ಹೇಳಿದರೋ, ಸ್ವಲ್ಪ ಹೊತ್ತಿಗೆ ಜುಂಜಣ್ಣನ ಹೆಂಡತಿ ಕೆಂಚಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದಳು. ಐವತ್ತರ ಆಸುಪಾಸಿನ ಹೆಂಗಸು. ಹಿಂದೆ ಓಣಿಯ ಹೆಂಗಸರೆಲ್ಲ. “ಕುಂತ್ಕಳ್ರಮ್ಮ” ಅಂದೆ. ಕೂರಲಿಲ್ಲ. ಸೆಟ್ಟನ್ನೇ ನೋಡುತ್ತಾ, “ಇದ್ರಾಗೆ ನಮ್ಮನೇರ ದನಿ ಬತ್ತೈತಾ?” ಅಂತ ಕೇಳಿದಳು.

“ಅವರ ದನಿ ಬರಲ್ಲ. ಅಲ್ಲಿ ನಮ್ಮ ಕಾಂತರಾಜು ಅಂತ ಇದಾರೆ, ಅವರು ಕಂಡಿದ್ದು ಹೇಳ್ತಾರೆ.”

“ನಾನು ಬ್ಯಾಡ ಅಂತ ಬಡ್ಕಂಡೆ. ಮೋಡ ನೋಡು, ಆಚೆ ದಂಡೆಗೆ ಹೊಡೀಬ್ಯಾಡ ಮಂದೇನ ಅಂದೆ. ನನ್ ಮಾತು ಯಾವಾಗ ಕೇಳವ್ರೆ?” ಸಿಟ್ಟಿನಿಂದಲೇ ಹೇಳಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು.

ಕಾಂತರಾಜನ ದನಿ ಬಂತು. ಓಡುತ್ತಾ ಮಾತಾಡುವವನ ಹಾಗೆ ಏದುತ್ತಿದ್ದ. “ನೀರು ಜಾಸ್ತಿ ಆಗ್ತಾ ಐತೆ… ಗಡ್ಡೆ ಒಂದು ಕಡೆ ಕುಸೀತು… ಕುರಿ ಭಾಳ ಹೋದ್ವು… ಜುಂಜಣ್ಣ ಕೊಚ್ಕೊಂಡು ಹೋಗಿ…”

ಅಷ್ಟೇ. ಗೊರಗೊರ.

ಕನ್ನಡ ಬಲ್ಲವರಿಗೆ ನಾನು ವಿವರಿಸಬೇಕಾಗಿಲ್ಲ. ‘ಹೋಗಿದಾನೆ’ ಅಂದರೂ ಅದೇ ಮೊದಲು, ‘ಹೋಗಿಲ್ಲ’ ಅಂದರೂ ಅದೇ ಮೊದಲು. ಅವನ ಹೆಬ್ಬೆರಳು ಒಬ್ಬ ಮನುಷ್ಯನ ಸಾವು ಬದುಕಿನ ಸರಿ ನಡುವಿನಲ್ಲಿ ಎದ್ದುಬಿಟ್ಟಿತ್ತು. ಆದರೆ ಜಗಲಿಯಲ್ಲಿದ್ದ ಯಾರಿಗೂ ಅನುಮಾನ ಉಳಿಯಲಿಲ್ಲ. ಹೆಂಗಸರ ಗುಂಪಿನಿಂದ ಒಂದು ಗೋಳು ಎದ್ದಿತು. ಕೆಂಚಮ್ಮ ನಿಂತಲ್ಲೇ ಕುಸಿದಳು. ಒಬ್ಬ ಮುದುಕಿ ಅವಳ ಪಕ್ಕ ಕೂತು, ಕೈ ಹಿಡಿದು, ಬಳೆಗಳನ್ನು ಸವರತೊಡಗಿದಳು. ಅದು ಯಾಕೆ ಅಂತ ಗೊತ್ತಾಗಿ ನನಗೆ ಮೈಯೆಲ್ಲ ಉರಿಯಿತು.

“ಏಯ್, ಬಿಡಮ್ಮ ಕೈ! ಆತ ‘ಹೋಗಿ’ ಅಂದಿದಾನೆ. ‘ಹೋಗಿದಾನೆ’ ಅನ್ನಲಿಲ್ಲ. ಮಾತು ಮುಗಿದಿಲ್ಲ ಇನ್ನೂ!” ನನ್ನ ದನಿ ನನಗೇ ಗುರುತು ಸಿಗದಷ್ಟು ಏರಿತ್ತು. ಮುದುಕಿ ನನ್ನನ್ನು ಹುಚ್ಚನ ಹಾಗೆ ನೋಡಿದಳು. ಮೇಷ್ಟ್ರಂತೂ ಮೆಲ್ಲಗೆ, “ಬಿಡ್ರಿ ಸಾರ್, ಇನ್ನೇನೈತೆ ಅದ್ರಾಗೆ” ಅಂದರು.

ನಾನು ಕರೆದೆ. ಮತ್ತೆ ಕರೆದೆ. ಉತ್ತರವಿಲ್ಲ. ಆದರೆ ಒಂದು ಸಲ, ನಾನು ಗುಂಡಿ ಬಿಟ್ಟ ಮೇಲೆ, ಗೊರಗೊರ ಸದ್ದು ತಟ್ಟನೆ ನಿಂತು ಮತ್ತೆ ಶುರುವಾಯಿತು. ಇನ್ನೊಮ್ಮೆ ಕರೆದೆ. ಮತ್ತೆ ಹಾಗೇ. ಸೆಟ್ಟು ಹಿಡಿದವರಿಗೆ ಇದು ಗೊತ್ತಿರುತ್ತದೆ: ಆ ಕಡೆಯವನು ಗುಂಡಿ ಒತ್ತಿದರೆ ಈ ಕಡೆಯ ಗೊರಗೊರ ನಿಲ್ಲುತ್ತದೆ. ಅವನು ಒತ್ತುತ್ತಿದ್ದಾನೆ, ಆದರೆ ದನಿ ಇಲ್ಲ. ಮೈಕು ನೀರಿಗೆ ಬಿದ್ದು ಸತ್ತಿರಬೇಕು, ಗುಂಡಿ ಮಾತ್ರ ಬದುಕಿದೆ. ನನ್ನ ಮಾತು ಅವನಿಗೆ ಕೇಳುತ್ತಿದೆ.

ಮೋರ್ಸ್ ಕಲಿ ಅಂತ ಅವನಿಗೆ ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಬೈಯುವ ಹೊತ್ತಲ್ಲ ಅದು. ಅವನೂ ಹೈಸ್ಕೂಲಿನಲ್ಲಿ ಕನ್ನಡ ಓದಿದವನೇ ತಾನೇ. “ಕಾಂತರಾಜು, ನಿನ್ನ ದನಿ ಬರ್ತಿಲ್ಲ. ನಾನು ಕೇಳಿದ್ದಕ್ಕೆ ಹೌದಾದ್ರೆ ಒಂದು ಗುರು, ಉದ್ದಕ್ಕೆ ಒತ್ತು. ಇಲ್ಲ ಅನ್ನೋದಾದ್ರೆ ಮೂರು ಲಘು, ಚುಟುಕಾಗಿ ಮೂರು. ತಿಳೀತಾ?”

ಗೊರಗೊರ ನಿಂತಿತು. ಉದ್ದಕ್ಕೆ. ಮತ್ತೆ ಬಂತು.

ಪ್ರಶ್ನೆ ಕೇಳುವ ಮೊದಲು ನಾನು ಮೂರು ಸಲ ಯೋಚಿಸಿದೆ. ‘ಹೋಗಿಲ್ಲವಾ’ ಅಂತ ಕೇಳಿದರೆ ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. “ಜುಂಜಣ್ಣ ಬದುಕಿದಾನಾ?” ಅಂತ ಮಾತ್ರ ಕೇಳಿ ಗುಂಡಿ ಬಿಟ್ಟೆ.

ಒಂದು ಗುರು. ಇಡೀ ಜಗಲಿಗೆ ಕೇಳುವಷ್ಟು ಉದ್ದವಾದ ಮೌನ.

“ಬದುಕಿದಾರಮ್ಮ!” ಅಂದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಯೇನೂ ಆಗಲಿಲ್ಲ. ಕೆಂಚಮ್ಮ ತಲೆ ಎತ್ತಿದಳು. ಮುಖದಲ್ಲಿ ಸಂತೋಷವಿರಲಿಲ್ಲ.

“ಸುಳ್ಳು ಹೇಳ್ಬ್ಯಾಡ್ರಿ ಸಾಮಿ. ಸದ್ದು ನಿಂತ್ರೆ ಬದುಕವ್ರೆ ಅಂತಲಾ? ನಮ್ಮಪ್ಪ ಸತ್ತಾಗ್ಲೂ ಹುಷಾರಿಲ್ಲ ಬಾ ಅಂತಲೇ ಕರೆಸಿದ್ರು. ಹೆಣ ನೋಡೋತಂಕ ಯಾರೂ ನಿಜ ಹೇಳ್ಲಿಲ್ಲ.”

ಅವಳು ಹೇಳಿದ್ದು ಸರಿಯಾಗಿತ್ತು. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ನೇರವಾಗಿ ಹೇಳುವುದಿಲ್ಲ. ‘ಸ್ವಲ್ಪ ಹುಷಾರಿಲ್ಲ, ಹೊರಡ್ರಿ’ ಅನ್ನುತ್ತಾರೆ, ಕೇಳಿದವರು ಅರ್ಥ ಮಾಡಿಕೊಳ್ಳುತ್ತಾರೆ. ಇಡೀ ಬದುಕು ಇಂಥ ಮರೆಮಾತು ಕೇಳಿದವಳು ಒಂದು ಡಬ್ಬಿ ಸುಮ್ಮನಾದದ್ದನ್ನು ನಂಬುವುದು ಹೇಗೆ? ನಾನು ಸಂಕೇತದ ವಿಷಯ ಬಿಡಿಸಿ ಹೇಳಿದೆ. ಹೌದಾದರೆ ಹೀಗೆ, ಇಲ್ಲವಾದರೆ ಹೀಗೆ. ಜುಂಜಣ್ಣ ದಂಡೆಗೆ ಬಂದಿದ್ದಾನಾ ಅಂತ ಕಾಂತರಾಜನನ್ನು ಕೇಳಿದೆ. ಗುರು. ಪಕ್ಕದಲ್ಲೇ ಇದ್ದಾನಾ? ಗುರು. ಅವಳು ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು.

“ಎಲ್ಲಾದ್ಕೂ ಹೂಂ ಅಂತೈತೆ” ಅಂದಳು. ಆಮೇಲೆ ಎದ್ದು ಸೆಟ್ಟಿನ ಹತ್ತಿರ ಬಂದು, “ನಾನೊಂದು ಮಾತು ಹೇಳ್ತೀನಿ, ಅದನ್ನ ಕೇಳ್ರಿ. ಅವ್ರೇ ಹೇಳ್ಬೇಕು, ನಿಮ್ಮ ಆವಪ್ಪ ಅಲ್ಲ. ಮೊನ್ನೆ ಮನೆಯಿಂದ ಹೊರಡೋವಾಗ ಹೆಂಡ್ತಿ ಬುತ್ತಿ ಕಟ್ಟಿಕೊಟ್ಟಿದ್ಳಾ ಕೇಳ್ರಿ” ಅಂದಳು.

ನನಗೆ ಸಮಾಧಾನವಾಯಿತು. ಸುಲಭದ ಪ್ರಶ್ನೆ. ಕಾಡು ಮೇಡು ಅಲೆಯುವವನಿಗೆ ಬುತ್ತಿ ಕಟ್ಟದ ಹೆಂಡತಿ ಎಲ್ಲಿದ್ದಾಳೆ? ಹಾಗೇ ಕೇಳಿದೆ. “ಆತನನ್ನೇ ಕೇಳಿ ಒತ್ತು ಕಾಂತರಾಜು” ಅಂತಲೂ ಸೇರಿಸಿದೆ. ಸ್ವಲ್ಪ ಹೊತ್ತು ಬರೀ ಗೊರಗೊರ.

ಸದ್ದು ನಿಂತಿತು, ಬಂತು. ನಿಂತಿತು, ಬಂತು. ನಿಂತಿತು, ಬಂತು.

ಮೂರು ಲಘು. ಇಲ್ಲ.

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕಾಂತರಾಜ ನಮ್ಮನ್ನು ಸಮಾಧಾನಪಡಿಸುವುದಕ್ಕೆ ಇಷ್ಟು ಹೊತ್ತು ಸುಳ್ಳು ಒತ್ತುತ್ತಿದ್ದನೇ? ಕೆಂಚಮ್ಮನ ಕಡೆ ತಿರುಗುವುದಕ್ಕೇ ಧೈರ್ಯ ಬರಲಿಲ್ಲ.

ಅವಳು ನಗುತ್ತಿದ್ದಳು. ಅಳುತ್ತಲೂ ಇದ್ದಳು. ಎರಡೂ ಕೈಯಲ್ಲಿ ಎದೆ ಬಡಿದುಕೊಂಡು, “ಹೂಂ ಸಾಮಿ, ಅವ್ರೇ! ಅವ್ರೇಯ! ಕೊಟ್ಟಿಲ್ಲ ನಾನು! ನನ್ ಮಾತು ಕೇಳ್ದೆ ಹೋಗ್ತೀಯಾ, ಹೋಗು, ಉಪಾಸ ಸಾಯಿ ಅಂತ ಬೋಗುಣಿ ಮುಚ್ಚಿಟ್ಟೆ! ಅದು ನಂಗೂ ಅವ್ರಿಗೂ ಬಿಟ್ರೆ ಆ ದ್ಯಾವ್ರಿಗೂ ಗೊತ್ತಿಲ್ಲ!” ಅಂತ ಕೂಗಿದಳು. ಬಳೆ ಸವರಿದ್ದ ಮುದುಕಿಯೇ ಅವಳನ್ನು ತಬ್ಬಿಕೊಂಡು ಹೋ ಎಂದು ಅತ್ತಳು. ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ರೈಲ್ವೆಯಲ್ಲೂ ಮನೆಯಲ್ಲೂ ಸೇರಿ ನಾನು ಜೀವಮಾನದಲ್ಲಿ ಕೇಳಿದ ಅತ್ಯಂತ ಒಳ್ಳೆಯ ಸುದ್ದಿ ಒಂದು ‘ಇಲ್ಲ’.

ಹೊಸಬರೇ, ಪರೀಕ್ಷೆಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಆದರೂ ಕಲಿಯಿರಿ. ಗುಂಡಿ ಒತ್ತಿ, ಒಂದು ಉಸಿರು ತೆಗೆದುಕೊಂಡು ಮಾತು ಶುರುಮಾಡಿ. ಮಾತು ಮುಗಿದ ಮೇಲೆ ಇನ್ನೊಂದು ಉಸಿರು ಎಳೆದು ಬೆರಳು ಬಿಡಿ. ಇಲ್ಲ ಅನ್ನುವುದಿದ್ದರೆ ಮೊದಲೇ ಹೇಳಿ, ಕೊನೆಗೂ ಹೇಳಿ. ಕಾಂತರಾಜ ಈಗ ಹಾಗೇ ಮಾತಾಡುತ್ತಾನೆ. ಅವನು ಅವತ್ತು ಹೇಳಹೊರಟಿದ್ದು, ‘ಕೊಚ್ಕೊಂಡು ಹೋಗಿಲ್ಲ, ಮರ ಹಿಡ್ಕಂಡಿದಾನೆ’ ಅಂತ. ಹೇಳುತ್ತಲೇ ಹಗ್ಗ ಎಳೆಯುವುದಕ್ಕೆ ಓಡಿದ್ದನಂತೆ, ಮೈಕು ಕೈಜಾರಿ ಕಾರಿನ ಪಕ್ಕ ನಿಂತಿದ್ದ ನೀರಿಗೆ ಬಿತ್ತಂತೆ. ಹಗ್ಗ ಎಳೆದವನನ್ನು ಹೇಗೆ ಬೈಯುವುದು? ನಾನು ಬೈಯಲಿಲ್ಲ.

ಆ ದಿನ ಶಾಲೆಯ ಜಗಲಿಯಿಂದ ಹೊರಡುವ ಮೊದಲು ಕೆಂಚಮ್ಮ ಕಣ್ಣೊರೆಸಿಕೊಂಡು ನನ್ನ ಬಳಿ ಬಂದಳು. “ಇನ್ನೊಂದು ಮಾತು ಹೇಳ್ರಿ. ಕುರಿ ಹೋದ್ರೆ ಹೋಗ್ಲಿ, ಯೋಚ್ನೆ ಮಾಡ್ಬ್ಯಾಡ ಅನ್ರಿ. ರೊಟ್ಟಿ ಬಡೀತೀನಿ, ನೀರು ಇಳಿದ ಕೂಡ್ಲೇ ಬುತ್ತಿ ತಗಂಡು ನಾನೇ ಬತ್ತೀನಿ ಅನ್ರಿ.”

ಹೇಳಿದೆ. ಅದು ಪ್ರಶ್ನೆಯಲ್ಲ, ಹೌದು ಇಲ್ಲ ಅನ್ನುವಂಥದ್ದೇನೂ ಅದರಲ್ಲಿರಲಿಲ್ಲ. ಆದರೂ ಗೊರಗೊರ ನಿಂತಿತು. ನಿಂತೇ ಇತ್ತು. ಸೆಟ್ಟು ಕೆಟ್ಟಿತೇನೋ ಅಂತ ನಾನು ತಟ್ಟಿ ನೋಡುವಷ್ಟು ಹೊತ್ತು ನಿಂತಿತ್ತು. ಕೆಂಚಮ್ಮ ಅದನ್ನು ಕೇಳುತ್ತಾ ನಿಂತಿದ್ದಳು.

ರಸ್ತೆ ತೆರೆದ ಮೇಲೆ ಕಾಂತರಾಜ ಸಿಕ್ಕಾಗ, ಕೊನೆಗೆ ಅಷ್ಟು ಉದ್ದ ಯಾಕೆ ಒತ್ತಿದೆ ಅಂತ ಕೇಳಿದೆ.

“ನಾನೆಲ್ಲಿ ಒತ್ತಿದ್ದು? ಆ ಜುಂಜಣ್ಣ ನನ್ ಕೈಯಿಂದ ಮೈಕು ಕಿತ್ಕಂಡು ತಾನೇ ಒತ್ತಿ ಹಿಡ್ಕಂಡ. ಬ್ಯಾಟ್ರಿ ಖಾಲಿ ಆಗ್ತೈತೆ, ಬಿಡೋ ಮಾರಾಯ ಅಂದ್ರೂ ಬಿಡ್ಲಿಲ್ಲ.”